ಮುದ್ದೆಯನ್ನು ಅಗಿಯಬೇಕೋ ನುಂಗಬೇಕೋ

ಮೊಮ್ಮಗಳು ಚುಕ್ಕಿ ನಾಲ್ಕನೇ ಕ್ಲಾಸಿಗೆ ಕಾಲಿಟ್ಟ ಮೇಲೆ ನಮ್ಮ ಅಡುಗೆಮನೆಯಲ್ಲಿ ಎಲ್ಲದಕ್ಕೂ ಮರುನಾಮಕರಣವಾಗಿದೆ. ಮುದ್ದೆ ಈಗ ಕಾರ್ಬೋಹೈಡ್ರೇಟ್. ಹುರುಳಿಕಾಳಿನ ಸಾರು ಪ್ರೋಟೀನ್. ತುಪ್ಪ ಫ್ಯಾಟ್, ಅದೂ ಸ್ಯಾಚುರೇಟೆಡ್. ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಮೂರಕ್ಕೂ ಸೇರಿ ಒಂದೇ ಹೆಸರು: ಅವಾಯ್ಡ್. ನನ್ನ ಕಾಫಿಗೆ ಅವಳ ಪುಸ್ತಕದ ಯಾವ ಗುಂಪಿನಲ್ಲೂ ಜಾಗ ಸಿಗದೆ ಅದು ಅನಾಥವಾಗಿ ನಿಂತಿದೆ. ಮೊದಲೆಲ್ಲ ಸ್ಕೂಲಿನಿಂದ ಬಂದು ಬ್ಯಾಗು ಎಸೆದವಳೇ ‘ಅಜ್ಜೀ, ತಿನ್ನೋಕೇನಿದೆ?’ ಅನ್ನುತ್ತಿದ್ದಳು. ಈಗ ‘ಅಜ್ಜೀ, ಇದರಲ್ಲಿ ಏನೇನಿದೆ?’ ಅನ್ನುತ್ತಾಳೆ. ಅಜ್ಜಿ ನಲವತ್ತು ವರ್ಷದಿಂದ ಮಾಡುತ್ತಿರುವ ಅಡುಗೆ. ಅದರಲ್ಲಿ ಉಪ್ಪು, ಹುಳಿ, ಖಾರ ಇದೆ ಎಂದಷ್ಟೇ ಅವಳಿಗೆ ಗೊತ್ತು.

ಇದು ನಮ್ಮೊಂದೇ ಮನೆಯ ಕಥೆಯಲ್ಲ. ಬೆಳಿಗ್ಗೆ ಮೈಸೂರಿನ ಕುಕ್ಕರಹಳ್ಳಿ ಕೆರೆ ಸುತ್ತುವ ನಮ್ಮ ನಿವೃತ್ತರ ಗುಂಪಿನಲ್ಲಿ ಮೊದಲು ಡಿ.ಎ. ಬಾಕಿ, ಮಂಡಿನೋವು, ಮಗನ ವೀಸಾ ಇವೇ ಮಾತು. ಈಗ ಮೊಮ್ಮಕ್ಕಳ ಪಥ್ಯದ ಮಾತು. ಒಬ್ಬರ ಮೊಮ್ಮಗ ಕಾಯಿಚಟ್ನಿ ಮುಟ್ಟುವುದಿಲ್ಲವಂತೆ, ತೆಂಗಿನಕಾಯಲ್ಲಿ ಕೊಲೆಸ್ಟರಾಲ್ ಇದೆಯಂತೆ. ಇನ್ನೊಬ್ಬರ ಮೊಮ್ಮಗಳು ‘ಅನ್ನ ಅಂದ್ರೆ ಸಕ್ಕರೆ’ ಎಂದು ತೀರ್ಪು ಕೊಟ್ಟು, ಸಾರನ್ನು ಲೋಟಕ್ಕೆ ಬಗ್ಗಿಸಿಕೊಂಡು ಕುಡಿದು ಏಳುತ್ತಾಳಂತೆ. ಗುಂಪಿನಲ್ಲಿ ಈ ವಿಷಯಕ್ಕೆ ಎರಡು ಪಕ್ಷಗಳಾಗಿವೆ. ‘ಮೇಷ್ಟ್ರು ಹೇಳೋದೇ ಸರಿ, ನಾವು ತಿಂದು ಕೆಟ್ಟೆವು, ನನ್ನ ಶುಗರ್ ನೋಡಿ’ ಎನ್ನುವುದು ಒಂದು. ‘ನಮ್ಮಜ್ಜಿ ದಿನಾ ಬೆಣ್ಣೆ ತಿಂದುಕೊಂಡು ತೊಂಬತ್ತೈದು ವರ್ಷ ಬದುಕಿರಲಿಲ್ಲವೇ’ ಎನ್ನುವುದು ಇನ್ನೊಂದು. ಈ ತೊಂಬತ್ತೈದರ ಅಜ್ಜಿ ಎಲ್ಲರ ಮನೆಯಲ್ಲೂ ಇದ್ದವಳೇ. ಅವಳ ಬೆನ್ನಿಗೇ ಹುಟ್ಟಿ ಐದು ವರ್ಷ ದಾಟದೆ ಹೋದ ತಮ್ಮಂದಿರು ತಂಗಿಯರ ಲೆಕ್ಕವನ್ನು ಮಾತ್ರ ಯಾರೂ ಎತ್ತುವುದಿಲ್ಲ.

ನಮ್ಮ ಮನೆಯಲ್ಲಿ ಮೊದಲ ಜಗಳ ಹತ್ತಿದ್ದು ಮುದ್ದೆಯ ಮೇಲೆ. ಪ್ರತಿ ತುತ್ತನ್ನೂ ಮೂವತ್ತೆರಡು ಸಲ ಅಗಿಯಬೇಕು, ಜೀರ್ಣವಾಗುವುದು ಬಾಯಲ್ಲೇ ಶುರು, ಜೊಲ್ಲಿನಲ್ಲಿ ಅಮೈಲೇಸ್ ಅಂತ ಒಂದಿರುತ್ತದೆ ಎಂದು ಮಿಸ್ ಹೇಳಿದ್ದಾರೆ. ಜೊಲ್ಲಿನ ಮಾತು ನೂರಕ್ಕೆ ನೂರು ನಿಜ. ಆದರೆ ಮಂಡ್ಯ ಸೀಮೆಯ ಮಗುವಿಗೆ ಊಟದಲ್ಲಿ ಮೊದಲು ಕಲಿಸುವ ವಿದ್ಯೆಯೇ ಮುದ್ದೆಯನ್ನು ಮುರಿದು, ಸಾರಿನಲ್ಲಿ ಹೊರಳಿಸಿ, ಹಲ್ಲಿಗೆ ತಾಕದಂತೆ ಒಳಕ್ಕೆ ಕಳಿಸುವುದು. ಮುದ್ದೆ ಅಗಿಯುವವನನ್ನು ನಮ್ಮೂರಿನಲ್ಲಿ ‘ಯಾವೂರಪ್ಪ?’ ಎಂದು ಕೇಳುತ್ತಾರೆ. ಚುಕ್ಕಿ ಅವತ್ತು ಪುಸ್ತಕದ ಪ್ರಕಾರ ಹೊರಟಳು. ಹತ್ತನೆಯ ಅಗಿತಕ್ಕೆ ಮುದ್ದೆ ಅಂಗುಳಕ್ಕೆ ಅಂಟಿ, ಹದಿನೈದಕ್ಕೆ ಹಲ್ಲಿನ ಸಂದಿಗೆ ಸೇರಿ, ಇಪ್ಪತ್ತಕ್ಕೆ ಕಣ್ಣಲ್ಲಿ ನೀರು.

ಅಗಿಯುವುದನ್ನು ಎಣಿಸುವ ಹುಚ್ಚೂ ಹಳೆಯದೇ. ಇಂಗ್ಲೆಂಡಿನ ಪ್ರಧಾನಿಯಾಗಿದ್ದ ಗ್ಲಾಡ್‌ಸ್ಟನ್, ಹಲ್ಲಿಗೊಂದರಂತೆ ಮೂವತ್ತೆರಡು ಸಲ ಅಗಿಯಿರಿ ಎಂದು ಮಕ್ಕಳಿಗೆ ಹೇಳುತ್ತಿದ್ದನೆಂದು ಕಥೆ ಇದೆ. ಅದನ್ನು ಚಳವಳಿಯನ್ನಾಗಿಯೇ ಮಾಡಿದವನು ಅಮೆರಿಕದ ಹೊರೇಸ್ ಫ್ಲೆಚರ್. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ದೊಡ್ಡ ದೊಡ್ಡವರೆಲ್ಲ ಅವನ ಮಾತು ಕೇಳಿ ದವಡೆ ನೋಯಿಸಿಕೊಂಡರು. ದ್ರವವನ್ನೂ ಬಾಯಲ್ಲಿ ಆಡಿಸಿ ನುಂಗಬೇಕು ಎಂದವನು ಅವನು. ನಮ್ಮ ಸಾರನ್ನು ಅವನ ಮುಂದೆ ಇಟ್ಟಿದ್ದರೆ ಏನು ಮಾಡುತ್ತಿದ್ದನೋ.

ನಾನು ಚುಕ್ಕಿಗೆ ಹೇಳಿದ್ದು ಇಷ್ಟೇ. ಮಿಸ್ ಹೇಳಿದ್ದು ರೊಟ್ಟಿಗೆ, ಕಾಳಿಗೆ, ಪಲ್ಯಕ್ಕೆ, ಬಾಡಿಗೆ. ಮುದ್ದೆ ಒಲೆಯ ಮೇಲೇ ಬೆಂದು, ಕೋಲಿನಲ್ಲಿ ತಿರುವಿಸಿಕೊಂಡು ನುಣ್ಣಗಾಗಿ ಬಂದಿರುತ್ತದೆ. ಬಾಯಲ್ಲಿ ಉಳಿದ ಕೆಲಸವನ್ನು ಹೊಟ್ಟೆಯೊಳಗೆ ಮೇದೋಜೀರಕ ಗ್ರಂಥಿ ಮಾಡುತ್ತದೆ, ಅದರ ರಸದಲ್ಲೂ ಅಮೈಲೇಸ್ ಇದೆ, ಹೆಚ್ಚಿನ ಕೆಲಸ ನಡೆಯುವುದು ಅಲ್ಲಿಯೇ. ಮಾರನೆಯ ದಿನ ಅವಳು ಇದನ್ನು ಕ್ಲಾಸಿನಲ್ಲಿ ಒಪ್ಪಿಸಿದಳಂತೆ. ಮಿಸ್ ಬೈಯಲಿಲ್ಲ, ನಕ್ಕರಂತೆ. ಅವರು ಮಂಗಳೂರು ಕಡೆಯವರು, ಅವರ ಮನೆಯಲ್ಲಿ ದಿನಾ ಕುಚ್ಚಲಕ್ಕಿ. ‘ನಮ್ಮ ಮನೆ ಅನ್ನ ನೋಡಿದ್ರೆ ನಿಮ್ಮ ತಾತ ಇದು ಬೆಂದಿಲ್ಲ ಅಂತಾರೆ’ ಎಂದರಂತೆ. ಪಾಠ ಹೇಳುವವರಿಗೂ ಒಂದು ಅಡುಗೆಮನೆ ಇರುತ್ತದೆ ಎನ್ನುವುದು ಅವತ್ತು ಚುಕ್ಕಿಗೆ ಹೊಳೆದಿರಬೇಕು. ಮನೆಗೆ ಬಂದವಳು ಖುಷಿಯಾಗಿ ಮುದ್ದೆ ನುಂಗಿದಳು.

ಕುಚ್ಚಲಕ್ಕಿಯ ಮಾತು ಬಂತಲ್ಲ, ಅದನ್ನು ಹಾಗೇ ಬಿಟ್ಟು ಮುಂದೆ ಹೋಗಲು ಮನಸ್ಸಿಲ್ಲ. ಭತ್ತವನ್ನು ನೆನೆಸಿ, ಹಬೆಯಲ್ಲಿ ಬೇಯಿಸಿ, ಒಣಗಿಸಿ, ಆಮೇಲೆ ಮಿಲ್ಲಿಗೆ ಹಾಕುತ್ತಾರೆ. ಹಾಗೆ ಮಾಡಿದಾಗ ತೌಡಿನ ಪದರದಲ್ಲಿರುವ ಥಯಾಮಿನ್, ಅಂದರೆ ಬಿ1, ಕಾಳಿನ ಒಳಕ್ಕೆ ಇಳಿಯುತ್ತದೆ. ಮಿಲ್ಲಿನ ಬಿಳಿ ಅಕ್ಕಿ ಉಂಡವರನ್ನು ಬೆರಿಬೆರಿ ಕಾಡುತ್ತಿದ್ದ ಕಾಲದಲ್ಲಿ ಕುಚ್ಚಲಕ್ಕಿ ಉಂಡವರು ಬಚಾವಾದದ್ದು ಹೀಗೆ. ಆ ಬೆರಿಬೆರಿಯನ್ನು ಹುಡುಕಿಕೊಂಡೇ ರಾಬರ್ಟ್ ಮೆಕ್‌ಕ್ಯಾರಿಸನ್ ಎಂಬ ಡಾಕ್ಟರು 1918ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಒಂದು ಕೋಣೆಯ ಪ್ರಯೋಗಾಲಯ ತೆರೆದ. ಅದೇ ಬೆಳೆದು, 1958ರಲ್ಲಿ ಹೈದರಾಬಾದಿಗೆ ಹೋಗಿ, ಇವತ್ತಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಗಿದೆ. ಮೆಕ್‌ಕ್ಯಾರಿಸನ್ನನ ಇನ್ನೊಂದು ಪ್ರಯೋಗ ನನಗೆ ಬಲು ಇಷ್ಟ. ಇಂಡಿಯಾದ ಬೇರೆ ಬೇರೆ ಸೀಮೆಯವರ ಊಟವನ್ನು ಇಲಿಗಳ ಬೇರೆ ಬೇರೆ ಗುಂಪುಗಳಿಗೆ ಹಾಕಿ ಯಾವುದು ಚೆನ್ನಾಗಿ ಬೆಳೆಯುತ್ತದೆ ನೋಡಿದ. ಗೋಧಿ ರೊಟ್ಟಿ, ಹಾಲು, ಕಾಳು, ಸೊಪ್ಪಿನ ಸಿಖ್ಖರ ಊಟ ತಿಂದ ಇಲಿಗಳು ಮೊದಲ ಸ್ಥಾನ. ಬಿಳಿ ಅಕ್ಕಿಯ ಮದ್ರಾಸಿನ ಊಟ ತಿಂದವು ಕಡೆಯ ಸ್ಥಾನ. ಪಟ್ಟಿಯಲ್ಲಿ ಕನ್ನಡಿಗರ ಊಟವೂ ಇತ್ತು. ಎಲ್ಲಿತ್ತು ಅಂತೀರಾ? ಮಧ್ಯಕ್ಕಿಂತ ಕೆಳಗೆ. ಪೂರ್ವಜರ ಊಟದ ಬಗ್ಗೆ ಎದೆ ಉಬ್ಬಿಸುವ ಮೊದಲು ಆ ಇಲಿಗಳನ್ನೊಮ್ಮೆ ನೆನೆಯುವುದು ಒಳ್ಳೆಯದು.

ಮುದ್ದೆಯ ನಂತರ ಬಂದದ್ದು ಚಾರ್ಟು. ‘ಆರೋಗ್ಯಕರ ತಟ್ಟೆ’ಯ ಚಿತ್ರ ಬಿಡಿಸಿ ಬಣ್ಣ ಹಚ್ಚಿಕೊಂಡು ಬರಬೇಕಿತ್ತು. ಚುಕ್ಕಿ ಬ್ರೊಕೋಲಿ ಬಿಡಿಸಿದಳು, ಸ್ಟ್ರಾಬೆರಿ ಬಿಡಿಸಿದಳು, ಗುಲಾಬಿ ಬಣ್ಣದ ಒಂದು ಮೀನಿನ ತುಂಡು, ಎರಡು ಸ್ಲೈಸ್ ಕಂದು ಬ್ರೆಡ್ಡು ಬಿಡಿಸಿದಳು.

‘ಇದು ಯಾರ ಊಟ ಮಗಾ?’

‘ಹೆಲ್ದಿ ಊಟ ತಾತ.’

‘ನಿನ್ನ ಊಟ?’

‘ಅದು ಹೆಲ್ದಿ ಅಲ್ವಲ್ಲ. ಚಾರ್ಟಲ್ಲಿ ಇಲ್ವಲ್ಲ.’

ಇದೇ ನನಗೆ ನಾಟಿದ್ದು. ಪಾಠದಲ್ಲಿ ತಪ್ಪಿದ್ದರೆ ತಿದ್ದಬಹುದು. ಪಾಠದಲ್ಲಿ ತನ್ನ ಮನೆಯೇ ಇಲ್ಲದಿದ್ದರೆ ಮಗು ತನ್ನ ಮನೆಯನ್ನೇ ತಪ್ಪು ಎಂದುಕೊಳ್ಳುತ್ತದೆ. ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಚಾರ್ಟುಗಳಲ್ಲಿನ ಆ ಆಹಾರ ಪಿರಮಿಡ್ಡು ಹುಟ್ಟಿದ್ದು 1992ರಲ್ಲಿ, ಅಮೆರಿಕದ ಕೃಷಿ ಇಲಾಖೆಯಲ್ಲಿ. ಕೆಳಗಿನ ಅಗಲವಾದ ಮೆಟ್ಟಿಲ ತುಂಬ ಬ್ರೆಡ್ಡು, ಅನ್ನ, ಪಾಸ್ತಾ. ಅವರೇ 2011ರಲ್ಲಿ ಅದನ್ನು ಮೂಲೆಗೆ ತಳ್ಳಿ ತಟ್ಟೆಯ ಚಿತ್ರ ತಂದರು. ನಮ್ಮ ಅಂಗಡಿಯಲ್ಲಿ ಪಿರಮಿಡ್ಡು ಇನ್ನೂ ಹತ್ತು ರೂಪಾಯಿಗೆ ಬಿಕರಿಯಾಗುತ್ತಲೇ ಇದೆ.

ಹೀಗೆ ಪುಸ್ತಕವೂ ಮಾತು ಬದಲಿಸುತ್ತದೆ ಎನ್ನುವುದನ್ನು ಮಕ್ಕಳಿಗೆ ಮುಚ್ಚಿಡಬಾರದು. 1968ರಲ್ಲಿ ಅಮೆರಿಕದ ಹೃದಯ ಸಂಘದವರು ವಾರಕ್ಕೆ ಮೂರಕ್ಕಿಂತ ಹೆಚ್ಚು ಮೊಟ್ಟೆಯ ಹಳದಿ ಬೇಡ ಅಂದರು. ದಿನಕ್ಕೆ ಕೊಲೆಸ್ಟರಾಲ್ 300 ಮಿಲಿಗ್ರಾಂ ಮೀರಬಾರದು ಎಂಬ ಅಲ್ಲಿನ ಸರ್ಕಾರದ ಗಡಿಯನ್ನು 2015ರ ಮಾರ್ಗಸೂಚಿ ಕೈಬಿಟ್ಟಿತು. ನಮ್ಮಲ್ಲಿ 1937ರಲ್ಲಿ ಡಾಲ್ಡಾ ಬಂದಾಗ ತುಪ್ಪದ ಜಾಗದಲ್ಲಿ ಕೂತು ಮೆರೆಯಿತು. ನಮ್ಮ ಮದುವೆಗಳ ಬಾದುಷಾ, ಚಿರೋಟಿ ಎಲ್ಲ ಅದರಲ್ಲೇ. ಅದರೊಳಗಿನ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಶತ್ರು ಎಂದು ಗೊತ್ತಾಗಿ, ಎಣ್ಣೆ ವನಸ್ಪತಿಗಳಲ್ಲಿ ಅದು ಶೇ. 2ನ್ನು ಮೀರಕೂಡದು ಎಂಬ ನಿಯಮ ಜಾರಿಗೆ ಬಂದಿದ್ದು 2022ರ ಜನವರಿಯಲ್ಲಿ. ವಿಜ್ಞಾನ ತಿದ್ದಿಕೊಳ್ಳುತ್ತದೆ ಎನ್ನುವುದು ಅದಕ್ಕೆ ಅವಮಾನವಲ್ಲ. ಆದರೆ ಇವತ್ತಿನ ಪಾಠವನ್ನು ಹಿಡಿದು ಅಜ್ಜಿಯನ್ನು ಹೀಯಾಳಿಸಲು ಹೊರಟ ಮಗುವಿಗೆ ಇಷ್ಟು ಗೊತ್ತಿದ್ದರೆ ಸ್ವಲ್ಪ ಮೆತ್ತಗಾಗುತ್ತದೆ.

ತೆಂಗಿನಕಾಯಿಯ ಜಗಳವನ್ನು ತೆಗೆದುಕೊಳ್ಳಿ. ಕಾಯಲ್ಲಿ ಕೊಲೆಸ್ಟರಾಲ್ ಇಲ್ಲ. ಗಿಡಮರದಿಂದ ಬರುವ ಆಹಾರದಲ್ಲಿ ಅದು ಲೆಕ್ಕಕ್ಕೆ ಸಿಗುವಷ್ಟು ಇರುವುದಿಲ್ಲ. ಆದರೆ ಕೊಬ್ಬರಿ ಎಣ್ಣೆಯ ಕೊಬ್ಬಿನಲ್ಲಿ ಹತ್ತಕ್ಕೆ ಒಂಬತ್ತು ಪಾಲು ಸ್ಯಾಚುರೇಟೆಡ್. ಅದು ಹೆಚ್ಚಾದರೆ ನಮ್ಮ ಪಿತ್ತಜನಕಾಂಗವೇ ರಕ್ತದಲ್ಲಿ ಕೊಲೆಸ್ಟರಾಲ್ ಏರಿಸುತ್ತದೆ. ಹಾಗಾಗಿ ಆ ಹುಡುಗನ ಮಾತು ತಪ್ಪು, ಎಚ್ಚರಿಕೆ ಸರಿ. ಅವನ ತಾತನ ಚಟ್ನಿ ಸರಿ, ‘ಎಷ್ಟು ತಿಂದರೂ ಏನೂ ಆಗಲ್ಲ’ ಎಂಬ ಮಾತು ತಪ್ಪು. ಇಡ್ಲಿಗೆ ಎರಡು ಚಮಚ ಚಟ್ನಿಯಿಂದ ಯಾವ ಮಗುವೂ ಕೆಟ್ಟಿಲ್ಲ.

ಮನೆ ಮತ್ತು ಪಾಠ ಒಂದೇ ಮಾತು ಹೇಳುತ್ತಿದ್ದರೂ ಇಬ್ಬರಿಗೂ ಗೊತ್ತಾಗದೆ ಹೋಗುವ ಪ್ರಸಂಗಗಳು ಇದಕ್ಕಿಂತ ಸ್ವಾರಸ್ಯ. ತರಕಾರಿ ಹೆಚ್ಚಿದ ಮೇಲೆ ತೊಳೆಯಬಾರದು, ಬೇಯಿಸಿದ ನೀರನ್ನು ಚೆಲ್ಲಬಾರದು, ಚೆಲ್ಲಿದರೆ ನೀರಿನಲ್ಲಿ ಕರಗುವ ಜೀವಸತ್ವಗಳು ಹೋಗುತ್ತವೆ ಎಂದು ಶಾಲೆಯ ಪಾಠ ಹೇಳುತ್ತದೆ. ಇದನ್ನು ಓದಿದ ದಿನ ಚುಕ್ಕಿಯನ್ನು ಅಡುಗೆಮನೆಗೆ ಕರೆದುಕೊಂಡು ಹೋದೆ. ಅವಳ ಅಜ್ಜಿ ಬಸ್ಸಾರು ಮಾಡುತ್ತಿದ್ದಳು. ದಂಟಿನ ಸೊಪ್ಪು, ಅವರೆಕಾಳು ಬೇಯಿಸಿ, ಕಟ್ಟನ್ನು ಬಸಿದು, ಖಾರ ರುಬ್ಬಿ ಹಾಕಿ ಅದನ್ನೇ ಸಾರು ಮಾಡಿ, ಮೇಲುಳಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟು ಪಲ್ಯ ಮಾಡುವುದು ಬಸ್ಸಾರಿನ ಕ್ರಮ. ಚೆಲ್ಲಿದ್ದು ಒಂದು ತೊಟ್ಟೂ ಇಲ್ಲ. ‘ಅಜ್ಜೀ, ನೀನು ನನ್ನ ಇ.ವಿ.ಎಸ್. ಬುಕ್ ಓದಿದ್ಯಾ?’ ಅಂದಳು. ‘ನಾನ್ಯಾಕೆ ಓದ್ಲಿ? ನೀರು ಚೆಲ್ಲಿದ್ರೆ ನಮ್ಮತ್ತೆ ತಲೆ ಮೇಲೆ ಮೊಟಕೋರು’ ಅಂದಳು ಅಜ್ಜಿ. ಆ ಬಸ್ಸಾರಿಗೆ ಮುದ್ದೆ ಸೇರಿದರೆ ಇನ್ನೊಂದು ಪಾಠ. ಧಾನ್ಯದಲ್ಲಿ ಕಡಿಮೆ ಇರುವ ಲೈಸಿನ್ ಎಂಬ ಅಮೈನೊ ಆಮ್ಲ ಕಾಳಿನಲ್ಲಿ ಧಾರಾಳ, ಕಾಳಿನಲ್ಲಿ ಕಡಿಮೆಯಿರುವ ಮೆಥಿಯೊನಿನ್ ಧಾನ್ಯದಲ್ಲಿದೆ. ಎರಡೂ ಸೇರಿದಾಗಲೇ ಪ್ರೋಟೀನು ಪೂರ್ತಿ. ಬರೀ ಕಾರ್ಬೋಹೈಡ್ರೇಟ್ ಎಂದು ಅವಳು ಮೂಗು ಮುರಿದ ರಾಗಿಯ ನೂರು ಗ್ರಾಮಿನಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶ ಇದೆ. ಅಷ್ಟೇ ಅಕ್ಕಿಯಲ್ಲಿ ಹತ್ತರ ಆಸುಪಾಸು. ಈಗ ಸರ್ಕಾರಿ ಶಾಲೆಗಳಲ್ಲಿ ಹಾಲಿನ ಜೊತೆ ರಾಗಿ ಮಾಲ್ಟ್ ಕೊಡುತ್ತಾರಲ್ಲ, ಸುಮ್ಮನೆ ಕೊಡುತ್ತಿಲ್ಲ.

ಅಕ್ಕಿ ರಾಗಿಗಳ ಈ ವಾದವನ್ನು ಕನ್ನಡದಲ್ಲಿ ಎಂದೋ ದಾಖಲಿಸಿದವರು ಆಹಾರತಜ್ಞರಲ್ಲ, ಕನಕದಾಸರು. ಅವರ ರಾಮಧಾನ್ಯ ಚರಿತೆಯಲ್ಲಿ ಬತ್ತವೂ ರಾಗಿಯೂ ತಾನು ಮೇಲು ತಾನು ಮೇಲು ಎಂದು ರಾಮನ ಮುಂದೆ ಜಗಳವಾಡುತ್ತವೆ. ರಾಮ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಟ್ಟು ನೋಡುತ್ತಾನೆ. ಬತ್ತ ಸೊರಗಿರುತ್ತದೆ, ರಾಗಿ ಕಳೆಗುಂದದೆ ಎದ್ದು ಬರುತ್ತದೆ. ಆ ಕಾವ್ಯ ಸುಣ್ಣದಂಶದ ವಿಚಾರವಲ್ಲವೆಂದು ಯಾರಿಗಾದರೂ ಗೊತ್ತು. ಯಾರ ತಟ್ಟೆ ಮೇಲು, ಯಾರ ತಟ್ಟೆ ಕೀಳು ಎನ್ನುವುದೇ ಅಲ್ಲಿಯ ಮಾತು. ಈ ನೆಲದಲ್ಲಿ ಊಟವನ್ನು ‘ಒಳ್ಳೆಯದು’, ‘ಕೆಟ್ಟದ್ದು’ ಎಂದು ಎರಡು ಕಂಬ ಸಾಲಿನಲ್ಲಿ ಬರೆಸುವವರು ಈ ಕಥೆ ನೆನಪಿಟ್ಟುಕೊಳ್ಳಬೇಕು. ಮಿಸ್‌ಗೆ ಅದು ವಿಟಮಿನ್ನಿನ ಸಾಲು. ಪಕ್ಕದ ಬೆಂಚಿನ ಮಗುವಿಗೆ ಅದು ತನ್ನ ಕೇರಿಯ ಸಾಲಾಗಿ ಕಾಣಬಹುದು.

ಮೊಟ್ಟೆಯ ವಿಷಯದಲ್ಲಿ ಆದದ್ದು ಅದೇ. ಚುಕ್ಕಿಯ ಪುಸ್ತಕದಲ್ಲಿ ಪ್ರೋಟೀನಿನ ಪಾಠಕ್ಕೆ ಮೊದಲ ಚಿತ್ರವೇ ಮೊಟ್ಟೆ. ಅದರ ಪಕ್ಕದಲ್ಲಿ ಮೀನು, ಕೋಳಿ. ಆದರೆ ಶಾಲೆಯ ಸುತ್ತೋಲೆಯಲ್ಲಿ ‘ಡಬ್ಬಿಗೆ ಮೊಟ್ಟೆ, ಮಾಂಸ ತರುವಂತಿಲ್ಲ’ ಎಂದಿದೆ. ಚುಕ್ಕಿ ಕೇಳಿದಳು: ‘ತಾತ, ಬುಕ್ಕಲ್ಲಿ ಒಳ್ಳೇದು, ಬಾಕ್ಸಲ್ಲಿ ಯಾಕೆ ಬೇಡ?’ ನಮ್ಮ ಬೀದಿಯಲ್ಲಿ ಹೂ ಮಾರುವವಳ ಮಗ ಸರ್ಕಾರಿ ಶಾಲೆಗೆ ಹೋಗುತ್ತಾನೆ. ಅವನಿಗೆ ಮಧ್ಯಾಹ್ನ ಬಿಸಿಯೂಟದ ಜೊತೆ ಬೇಯಿಸಿದ ಮೊಟ್ಟೆ ಸಿಗುತ್ತದೆ. 2021ರ ಡಿಸೆಂಬರಿನಲ್ಲಿ ಯಾದಗಿರಿ, ರಾಯಚೂರು, ಕಲಬುರಗಿ ಮುಂತಾದ ಜಿಲ್ಲೆಗಳಲ್ಲಿ ಶುರುವಾದಾಗ ದೊಡ್ಡ ಗದ್ದಲವಾಯಿತು. ಆಮೇಲೆ ಇಡೀ ರಾಜ್ಯಕ್ಕೆ ಬಂತು. 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ವಾರಕ್ಕೆ ಆರು ದಿನವಾಯಿತು. ಬೇಡವೆಂದವರಿಗೆ ಬಾಳೆಹಣ್ಣು. ಒಂದೇ ಸಾಲಿನಲ್ಲಿ ಕೂತು ಒಬ್ಬ ಮೊಟ್ಟೆ, ಒಬ್ಬ ಬಾಳೆಹಣ್ಣು ತಿಂದು ಕೈ ತೊಳೆದು ಆಡಲು ಓಡುತ್ತಾರೆ. ಹೂ ಮಾರುವವಳ ಮಗನಿಗೆ ಸಿಗುವ ಆರು ಗ್ರಾಂ ಪ್ರೋಟೀನು ಫೀಜು ಕಟ್ಟುವ ನನ್ನ ಮೊಮ್ಮಗಳ ಡಬ್ಬಿಗೆ ಮೈಲಿಗೆ. ಇದನ್ನು ಒಂಬತ್ತು ವರ್ಷದ ಮಗುವಿಗೆ ಹೇಗೆ ವಿವರಿಸುತ್ತೀರಿ? ನಾನು ವಿವರಿಸಲಿಲ್ಲ. ‘ಅದು ಊಟದ ಪಾಠ ಅಲ್ಲ ಮಗಾ, ದೊಡ್ಡವರ ಜಗಳ’ ಎಂದೆ. ಅವಳಿಗೆ ಅಷ್ಟು ಸಾಕಾಯಿತು.

ಸಾಕಾಗದೆ ಏನು? ನಮ್ಮ ಮನೆಯಲ್ಲೇ ಬೆಳೆದವಳು. ಸೊಸೆ ಗದಗಿನ ಕಡೆಯ ಲಿಂಗಾಯತರ ಮಗಳು, ಜನ್ಮದಲ್ಲಿ ಮಾಂಸ ಮುಟ್ಟಿದವಳಲ್ಲ. ಮಗ ಯಾವ ದಿನ ಕೊಟ್ಟರೂ ತಯಾರು. ನಾನು ಸೋಮವಾರ ಶನಿವಾರ ಬಿಟ್ಟು. ನನ್ನ ಹೆಂಡತಿ ಶ್ರಾವಣ ಪೂರ್ತಿ ಬಿಟ್ಟು. ಭಾನುವಾರ ಒಂದು ಒಲೆಯಲ್ಲಿ ನಾಟಿಕೋಳಿ ಸಾರು, ಇನ್ನೊಂದರಲ್ಲಿ ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ. ಚುಕ್ಕಿ ಎರಡೂ ಕಡೆ ಕೈ ಚಾಚುತ್ತಾಳೆ. ಯಾರಿಗೆ ಯಾವತ್ತು ಏನು ಆಗುವುದಿಲ್ಲ ಎಂಬ ಪಂಚಾಂಗ ಅವಳಿಗೆ ಬಾಯಿಪಾಠ. ಇಷ್ಟು ವಿರೋಧಾಭಾಸಗಳ ನಡುವೆ ನಗುತ್ತಾ ಉಂಡು ಬೆಳೆಯುವ ಮಕ್ಕಳು ಅಜ್ಜಿಗೂ ಮಿಸ್‌ಗೂ ಇರುವ ವ್ಯತ್ಯಾಸಕ್ಕೆ ಕಂಗಾಲಾಗುತ್ತಾರೆ ಎಂದು ನಾವು ಹೆದರುವುದು ದಂಡ. ಕಂಗಾಲಾಗುವವರು ನಾವೇ. ನಮ್ಮ ತಟ್ಟೆಗೆ ಬೆರಳು ತೋರಿಸಿದ್ದಕ್ಕೆ ಮುಖ ದಪ್ಪ ಮಾಡುವವರೂ ನಾವೇ.

ಏಕೆಂದರೆ ಮಕ್ಕಳು ಬೆರಳು ತೋರಿಸುವ ಕಡೆ ಹಲವು ಸಲ ನಿಜಕ್ಕೂ ತೂತಿರುತ್ತದೆ. ಬೆಲ್ಲದ ವಿಷಯ ನೋಡಿ. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಎದ್ದ ಮಂಡ್ಯ ಸೀಮೆಯವನು ನಾನು. ಆಲೆಮನೆಯ ಬಿಸಿ ಬೆಲ್ಲದ ಋಣ ಈ ನಾಲಿಗೆಯ ಮೇಲಿದೆ. ‘ಸಕ್ಕರೆ ವಿಷ, ಬೆಲ್ಲ ಅಮೃತ’ ಎಂದು ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಬೆಲ್ಲದಲ್ಲೂ ಬಹುಪಾಲು ಅದೇ ಸುಕ್ರೋಸು. ಜೊತೆಗಿರುವ ಚೂರುಪಾರು ಕಬ್ಬಿಣದಂಶವನ್ನು ನಂಬಿಕೊಂಡು ದಿನಾ ಅಚ್ಚು ಬೆಲ್ಲ ಮುಕ್ಕಲಾಗದು. ಇಲ್ಲಿ ಮಿಸ್ ಗೆದ್ದರು. ಕಾಫಿಯಲ್ಲೂ ಗೆದ್ದರು ಅನ್ನಬೇಕು. ಊಟ ತಿಂಡಿಗೆ ಒಂದು ಗಂಟೆ ಮೊದಲು, ಒಂದು ಗಂಟೆ ಆಮೇಲೆ ಕಾಫಿ ಟೀ ಬೇಡ, ಅದರ ಟ್ಯಾನಿನ್ ಕಬ್ಬಿಣದಂಶವನ್ನು ಮೈಗೆ ಹತ್ತಗೊಡುವುದಿಲ್ಲ ಎನ್ನುವುದು ಹೈದರಾಬಾದಿನ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯ ಮಾತು. ಮೈಸೂರಿನಲ್ಲಿ ಮಸಾಲೆ ದೋಸೆ ತಿಂದು ಒಂದು ಗಂಟೆ ಕಾಫಿಗೆ ಕಾಯುವವನು ಯಾರಿದ್ದಾನೋ ತೋರಿಸಿ. ಚುಕ್ಕಿ ಹೇಳುತ್ತಲೇ ಇರುತ್ತಾಳೆ, ನಾನು ಕುಡಿಯುತ್ತಲೇ ಇರುತ್ತೇನೆ.

ಅದೇ ಮಾರ್ಗಸೂಚಿಯಲ್ಲಿ ದೊಡ್ಡವರಿಗೆ 2000 ಕ್ಯಾಲೊರಿಯ ಒಂದು ತಟ್ಟೆಯ ಲೆಕ್ಕವಿದೆ. ಧಾನ್ಯ 250 ಗ್ರಾಂ, ಬೇಳೆಕಾಳು ಅಥವಾ ಮೊಟ್ಟೆ ಮಾಂಸ 85 ಗ್ರಾಂ, ತರಕಾರಿ ಸೊಪ್ಪು 400 ಗ್ರಾಂ, ಹಣ್ಣು 100 ಗ್ರಾಂ, ಹಾಲು ಮೊಸರು 300 ಮಿಲಿ, ಎಣ್ಣೆ ತುಪ್ಪ 27 ಗ್ರಾಂ. ಎಲ್ಲ ಬೇಯಿಸುವ ಮೊದಲಿನ ತೂಕ. ಸೊಸೆ ಒಂದು ದಿನ ಅಡುಗೆಮನೆಯ ತಕ್ಕಡಿಯನ್ನು ಚುಕ್ಕಿಯ ಕೈಗೆ ಕೊಟ್ಟಳು. ತೂಗಿ ನೋಡಿದರೆ ನಮ್ಮಲ್ಲಿ ಅಕ್ಕಿ ರಾಗಿ ಹೆಚ್ಚು, ಸೊಪ್ಪು ತರಕಾರಿ ಬಹಳ ಕಡಿಮೆ, ಎಣ್ಣೆಯ ಮಾತು ಆಡುವ ಹಾಗೇ ಇಲ್ಲ. ಮೆಕ್‌ಕ್ಯಾರಿಸನ್ನನ ಇಲಿಗಳು ಹೇಳಿದ್ದೂ ಅದನ್ನೇ. ಬಸ್ಸಾರು ಬಲು ಜಾಣ ಅಡುಗೆ ಹೌದು, ಆದರೆ ವಾರದಲ್ಲಿ ಎಷ್ಟು ದಿನ ಮಾಡುತ್ತೇವೆ?

ಇನ್ನೊಂದು ಮನೆಗೆಲಸ ಬಂತು. ಮನೆಯ ಪ್ರತಿಯೊಬ್ಬರೂ ಒಂದು ದಿನ ತಿಂದದ್ದನ್ನು ಕೋಷ್ಟಕದಲ್ಲಿ ಬರೆಯಬೇಕು. ಎಲ್ಲರ ಸಾಲುಗಳು ತುಂಬಿದವು. ಅಜ್ಜಿಯ ಸಾಲಿನಲ್ಲಿ ಚುಕ್ಕಿ ಬರೆದದ್ದು: ಬೆಳಿಗ್ಗೆ, ರಾತ್ರಿ ಮಿಕ್ಕಿದ್ದು. ಮಧ್ಯಾಹ್ನ, ಬೆಳಿಗ್ಗೆ ಮಿಕ್ಕಿದ್ದು. ರಾತ್ರಿ, ಹಸಿವಿಲ್ಲ, ಮಜ್ಜಿಗೆ. ಎಲ್ಲರೂ ಉಂಡೆದ್ದ ಮೇಲೆ ತಳದಲ್ಲಿ ಉಳಿದ ಸಾರಿನಲ್ಲಿ ಕಾಳು ಇರುವುದಿಲ್ಲ, ಇದ್ದರೂ ಅದು ನಾಳೆಗೆ ಎತ್ತಿಡುವುದಕ್ಕೆ. ‘ಅಜ್ಜೀ, ನಿನ್ನ ಪ್ರೋಟೀನ್ ಎಲ್ಲಿ?’ ಎಂದು ಮಗು ಕೇಳಿದಾಗ ಅವಳು ‘ನಾನೇನ್ ಇಸ್ಕೂಲಿಗೆ ಹೋಗ್ಬೇಕಾ, ಸುಮ್ನೆ ಬರೀ’ ಎಂದು ನಕ್ಕಳು. ನಗುವ ವಿಷಯವಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಸುತ್ತಿನ ಪ್ರಕಾರ ಈ ದೇಶದಲ್ಲಿ 15ರಿಂದ 49ರ ವಯಸ್ಸಿನ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ. ಅದೇ ವಯಸ್ಸಿನ ಗಂಡಸರಲ್ಲಿ ಶೇ. 25. ಇದರಲ್ಲಿ ಅಡುಗೆಯ ಪಾಲೆಷ್ಟೋ, ಬಡಿಸುವ ಕ್ರಮದ ಪಾಲೂ ಇದ್ದೇ ಇದೆ. ಯಾವ ಚಾರ್ಟಿನಲ್ಲೂ ‘ಮನೆಯಲ್ಲಿ ಕಡೆಗೆ ಉಣ್ಣುವವರು ಯಾರು?’ ಎಂಬ ಪ್ರಶ್ನೆ ಇಲ್ಲ. ಆ ಕೋಷ್ಟಕ ಕೊಟ್ಟ ಮಿಸ್‌ಗೆ ಮಾತ್ರ ನಾನು ನಮಸ್ಕಾರ ಹೇಳಿ ಕಳಿಸಿದೆ. ಈಗ ರಾತ್ರಿ ಐವರೂ ಒಟ್ಟಿಗೆ ಕೂರುತ್ತೇವೆ, ಬಡಿಸುವವಳು ಚುಕ್ಕಿ. ಅವಳು ಸೌಟಿನಲ್ಲಿ ಕಾಳನ್ನು ಎಣಿಸಿ ಹಾಕುವುದನ್ನು ನೋಡಿದರೆ ನ್ಯಾಯಬೆಲೆ ಅಂಗಡಿಯವನ ನೆನಪಾಗುತ್ತದೆ.

ಮಕ್ಕಳ ಜೊತೆ ಇದನ್ನೆಲ್ಲ ಮಾತಾಡುವುದು ಹೇಗೆ ಎಂದು ನಮ್ಮ ಕೆರೆ ಗುಂಪಿನವರು ಕೇಳುತ್ತಾರೆ. ನನಗಿಂತ ಚೆನ್ನಾಗಿ ಗೊತ್ತಿರುವವಳು ಸೊಸೆ. ಒಂದು ಸಲ ನಾನು ಚಿಪ್ಸ್ ಪೊಟ್ಟಣ ಕಂಡು ‘ಥೂ, ಕೆಟ್ಟದ್ದು, ಕಸ’ ಎಂದೆ. ಅವಳು ಆಮೇಲೆ ಮೆಲ್ಲಗೆ ಹೇಳಿದಳು: ‘ಮಾವಾರ, ಆಕಿಗೆ ಚೊಲೋದು ಕೆಟ್ಟದ್ದು ಅನಬ್ಯಾಡ್ರಿ. ದಿನಾ ತಿನ್ನೂದು, ಆಗ ಈಗ ತಿನ್ನೂದು ಅನ್ರಿ, ಸಾಕು. ಕೆಟ್ಟದ್ದು ಅಂದ್ರ ಕದ್ದು ತಿಂತಾವ್ರಿ ಹುಡುಗ್ರು.’ ನಾನು ಇದುವರೆಗೆ ಓದಿದ ಯಾವ ಪೋಷಣಾ ಲೇಖನದಲ್ಲೂ ಇಷ್ಟು ಅಚ್ಚುಕಟ್ಟಾದ ಸಲಹೆ ಕಂಡಿಲ್ಲ. ಅವಳು ಭಾನುವಾರ ಮಗುವನ್ನು ದೇವರಾಜ ಮಾರುಕಟ್ಟೆಗೆ ಕರೆದುಕೊಂಡು ಹೋಗುತ್ತಾಳೆ. ಸಬ್ಬಸಿಗೆ, ಚಕ್ಕೋತ, ಹೊನಗೊನೆ, ಕೀರೆ, ಮೆಂತ್ಯ ಇದ್ದಷ್ಟರಲ್ಲಿ ಯಾವುದಾದರೂ ಎರಡನ್ನು ಚುಕ್ಕಿಯೇ ಆರಿಸಬೇಕು. ತಾನೇ ಆರಿಸಿದ ಸೊಪ್ಪನ್ನು ಬೇಡವೆನ್ನುವ ಧೈರ್ಯ ಅವಳಿಗೆ ಇನ್ನೂ ಬಂದಿಲ್ಲ.

ಒಂದೇ ಒಂದು ವಿಷಯದಲ್ಲಿ ಸೊಸೆ ಸಿಟ್ಟಾದದ್ದು ಕಂಡೆ. ಕ್ಲಾಸಿನಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ತೂಕ ನೋಡಿ ಗಟ್ಟಿಯಾಗಿ ಓದಿದರಂತೆ. ಚುಕ್ಕಿಯ ಗೆಳತಿಯೊಬ್ಬಳು ಮಾರನೆಯ ದಿನದಿಂದ ಡಬ್ಬಿ ತೆರೆಯದೆ ವಾಪಸು ಒಯ್ಯುತ್ತಿದ್ದಾಳಂತೆ. ತೂಕ ನೋಡಲಿ, ಬರೆದು ಮಡಚಿ ಪೋಷಕರ ಕೈಗೆ ಕೊಡಲಿ. ಒಂಬತ್ತು ವರ್ಷದ ಹೆಣ್ಣುಮಗು ‘ನಾನು ದಪ್ಪ ಆಗ್ತೀನಾ?’ ಎಂದು ಕೇಳಿಕೊಂಡು ಊಟಕ್ಕೆ ಕೂರುವಂತೆ ಮಾಡುವ ಪಾಠ ಯಾವ ಪಠ್ಯಕ್ರಮದಲ್ಲೂ ಇರಬಾರದು.

ಶಾಲೆಗಳು ಒಳ್ಳೆಯ ಕೆಲಸಗಳನ್ನೂ ಮಾಡುತ್ತಿವೆ. ಶಾಲೆಯ ಒಳಗೂ ಗೇಟಿನಿಂದ 50 ಮೀಟರಿನೊಳಗೂ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸು ಮಾರಕೂಡದು ಎಂಬ ನಿಯಮ 2020ರಲ್ಲೇ ಬಂದಿದೆ. ಯಾವ ತಂಪು ಪಾನೀಯದಲ್ಲಿ ಎಷ್ಟು ಸಕ್ಕರೆ ಎಂದು ತೋರಿಸುವ ಫಲಕ ಹಾಕಿ ಎಂದು ಸಿ.ಬಿ.ಎಸ್‌.ಇ. 2025ರಲ್ಲಿ ತನ್ನ ಶಾಲೆಗಳಿಗೆ ಹೇಳಿದೆ. ಬಾಟಲಿ ನೋಡಿ ಚುಕ್ಕಿ ಚಮಚದ ಲೆಕ್ಕ ಹೇಳುತ್ತಾಳೆ, ನನಗೇ ಬಾಯಿ ಕಟ್ಟುತ್ತದೆ. ಮನೆಯಲ್ಲಿ ಯಾವ ಅಜ್ಜಿಗೂ ಹೇಳಿಕೊಡಲಾಗದ ಪಾಠ ಅದು, ಏಕೆಂದರೆ ಆ ಬಾಟಲಿ ಅಜ್ಜಿಯ ಅನುಭವದಲ್ಲೇ ಇರಲಿಲ್ಲ.

ಹಾಗಾಗಿ ಮೇಷ್ಟರುಗಳಲ್ಲಿ, ಮಿಸ್‌ಗಳಲ್ಲಿ ನನ್ನದೊಂದು ಕೋರಿಕೆ. ಚಾರ್ಟು ನೇತುಹಾಕುವ ಮೊದಲು ಮಕ್ಕಳನ್ನು ‘ನಿನ್ನೆ ರಾತ್ರಿ ಮನೆಯಲ್ಲಿ ಏನು ಊಟ?’ ಎಂದು ಕೇಳಿ. ಕೇಳಿದ್ದನ್ನು ಬೋರ್ಡಿನ ಮೇಲೆ ಬರೆದು, ಅದರಿಂದಲೇ ಕಾರ್ಬೋಹೈಡ್ರೇಟು ಪ್ರೋಟೀನು ಹುಡುಕಿಸಿ. ಮುದ್ದೆ, ರೊಟ್ಟಿ, ಕಡುಬು, ನೀರುದೋಸೆ, ಮೀನುಸಾರು ಎಲ್ಲದರಲ್ಲೂ ಸಿಗುತ್ತದೆ. ತಂದೆ ತಾಯಿ, ಅಜ್ಜ ಅಜ್ಜಿಯರಲ್ಲೂ ಒಂದು ಕೋರಿಕೆ. ಮಿಸ್ ಮೇಲೆ ಜಗಳಕ್ಕೆ ಹೋಗುವ ಮೊದಲು ಹೈದರಾಬಾದಿನವರ ಆ ಮಾರ್ಗಸೂಚಿಯನ್ನು ಓದಿ. ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಓದಿದ ಮೇಲೂ ಜಗಳ ಉಳಿದಿದ್ದರೆ ಪೋಷಕರ ಸಭೆಯಲ್ಲಿ ಎದ್ದು ನಿಂತು ಕೇಳಿ. ಮುಂದಿನ ಸಭೆಯಲ್ಲಿ ನಾನು ಮೊಟ್ಟೆಯ ಸುತ್ತೋಲೆಯ ಬಗ್ಗೆ ಕೇಳುವವನಿದ್ದೇನೆ. ನಿಮ್ಮ ಮಕ್ಕಳ ಶಾಲೆಯಲ್ಲೂ ಅಂಥದೊಂದು ಸುತ್ತೋಲೆ ಇದ್ದರೆ ನೀವೂ ಕೇಳಿ.